ಕಿಡ್ನಿ ಕೈಕೊಟ್ಟಾಗ ಆಂಟಿಬಯೋಟಿಕ್ ಪೂರ್ತಿ ಡೋಸ್ ಏಕೆ?

ಪ್ರಶ್ನೆ: ಭತ್ತದ ಗದ್ದೆಯಲ್ಲಿ ದುಡಿಯುವ ನಮ್ಮ ದೊಡ್ಡಪ್ಪನಿಗೆ ಆರು ದಿನ ಜ್ವರ ಬಂದು, ಮೂತ್ರ ಕಡಿಮೆಯಾಗಿ, ಕಣ್ಣು ಹಳದಿಯಾಯಿತು. ಬಿಪಿ ಇಳಿದು ದಾವಣಗೆರೆಯಲ್ಲಿ ಐಸಿಯುಗೆ ಸೇರಿಸಿದೆವು. ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 5.2 ಇದ್ದರೂ ಮೆರೊಪೆನೆಮ್ ಎಂಬ ಆಂಟಿಬಯೋಟಿಕ್ ಪೂರ್ತಿ 1 ಗ್ರಾಂ ಕೊಟ್ಟರು. ಮೂರನೇ ದಿನ ಇಲಿಜ್ವರ ಎಂದು ಅದನ್ನು ನಿಲ್ಲಿಸಿ ಸೆಫ್ಟ್ರಿಯಾಕ್ಸೋನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಶುರು ಮಾಡಿದರು. ಪವರ್ ಇರುವ ಔಷಧಿ ಬಿಡಿಸಿದ್ದು ಸರಿಯೇ?
— ಓದುಗರು, ಮಲೇಬೆನ್ನೂರು

ಉತ್ತರ: ನೀವು ಬರೆದಿರುವಷ್ಟರಿಂದ ನೋಡಿದರೆ ಮೊದಲು ಪೂರ್ತಿ ಡೋಸ್ ಕೊಟ್ಟದ್ದು, ಆಮೇಲೆ ಔಷಧಿ ಬದಲಿಸಿದ್ದು ಎರಡೂ ಸರಿ. ಕಿಡ್ನಿ ಕೆಟ್ಟಿದೆಯೆಂದು ಮೊದಲ ಡೋಸ್ ಕಡಿತ ಮಾಡಬಾರದು. ರೋಗಾಣು ಸಾಯುವ ಮಟ್ಟಕ್ಕೆ ಔಷಧಿ ಮೈಯಲ್ಲಿ ತುಂಬುವುದೇ ಆ ಡೋಸಿನಿಂದ. ಕಿಡ್ನಿಯ ಕೆಲಸ ಆಮೇಲೆ ಅದನ್ನು ಹೊರಹಾಕುವುದು. ಬಿಪಿ ಏರಿಸಲು ಲೀಟರುಗಟ್ಟಲೆ ಡ್ರಿಪ್ ಹೋಗಿದ್ದರೆ ಔಷಧಿ ಇನ್ನೂ ತೆಳುವಾಗುತ್ತದೆ. ಸೆಪ್ಟಿಕ್ ಶಾಕ್ ಆದವರಿಗೆ, ಅಂದರೆ ಸೋಂಕಿನಿಂದ ಬಿಪಿ ಕುಸಿದವರಿಗೆ, ಒಂದು ಗಂಟೆಯೊಳಗೆ ಈ ಮೊದಲ ಡೋಸ್ ಹೋಗಬೇಕು. ಅದಕ್ಕೂ ಮುಂಚೆ ಮೈಯ ಎರಡು ಜಾಗದಿಂದ ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ರಕ್ತ ತೆಗೆಯಬೇಕು, ಬಾಟಲಿಗೆ 8ರಿಂದ 10 ಮಿ.ಲೀ. ಎರಡೇ ಮಿ.ಲೀ. ಹಾಕಿ ಕಳಿಸಿದರೆ ರೋಗಾಣು ಇದ್ದೂ ರಿಪೋರ್ಟ್ ‘ಏನೂ ಬೆಳೆದಿಲ್ಲ’ ಎಂದು ಬರಬಹುದು.

ಕಡಿತ ನಂತರದ ಡೋಸ್‌ಗಳಲ್ಲಿ. ಕಿಡ್ನಿಯ ಕೆಲಸ ತೀರಾ ಇಳಿದಿದ್ದರೆ ಮೆರೊಪೆನೆಮ್ 500 ಮಿ.ಗ್ರಾಂ. 12 ಅಥವಾ 24 ಗಂಟೆಗೊಮ್ಮೆ ಸಾಕು. ಡಯಾಲಿಸಿಸ್ ಇದ್ದ ದಿನ ಅದು ಮುಗಿದ ಮೇಲೆ ಡೋಸ್ ಕೊಡಬೇಕು, ಇಲ್ಲದಿದ್ದರೆ ಔಷಧಿ ಸೋಸಿ ಹೋಗುತ್ತದೆ. ಆದರೆ ಮೊದಲ ಎರಡು ದಿನದಲ್ಲೇ ಕಿಡ್ನಿ ಚೇತರಿಸಿಕೊಳ್ಳುವವರೂ ಇದ್ದಾರೆ. ಹಾಗಾಗಿ ಅವಸರದ ಕಡಿತವೂ ಅಪಾಯವೇ. ಕಡಿತವನ್ನೇ ಮರೆತರೆ ಸೆಫೆಪಿಮ್‌ನಂಥ ಆಂಟಿಬಯೋಟಿಕ್ ಮೈಯಲ್ಲೇ ಉಳಿದು ರೋಗಿ ಬಡಬಡಿಸುತ್ತಾನೆ, ಫಿಟ್ಸ್ ಬರುತ್ತದೆ. ಮನೆಯವರು ಸೋಂಕು ತಲೆಗೇರಿತು ಅಂದುಕೊಳ್ಳುತ್ತಾರೆ.

ದುಬಾರಿ ಇಂಜೆಕ್ಷನ್ನೇ ಪವರ್‌ಫುಲ್ ಎಂಬ ಲೆಕ್ಕ ಇಲ್ಲಿ ನಡೆಯದು. ಭದ್ರಾ ನಾಲೆಯ ಗದ್ದೆಗಳಲ್ಲಿ ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಗುಲಿ ಇಲಿಜ್ವರ ಬರಬಹುದು. ಅದಕ್ಕೆ ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್ ಚೆನ್ನಾಗಿ ಕೆಲಸ ಮಾಡುತ್ತವೆ. ಸಾಮಾನ್ಯವಾಗಿ ಏಳು ದಿನ. ಸೆಫ್ಟ್ರಿಯಾಕ್ಸೋನ್ ಪಿತ್ತದ ದಾರಿಯಲ್ಲೂ ಹೊರಹೋಗುವುದರಿಂದ ಕಿಡ್ನಿಗಾಗಿ ಇಳಿಸಬೇಕಿಲ್ಲ. ಲಿವರ್ ಕೂಡ ಕೆಟ್ಟಿದ್ದರೆ ದಿನಕ್ಕೆ 2 ಗ್ರಾಂ ದಾಟಿಸುವುದಿಲ್ಲ. ರಿಂಗರ್ ಲ್ಯಾಕ್ಟೇಟ್ ಎಂಬ ಕ್ಯಾಲ್ಸಿಯಂ ಇರುವ ಡ್ರಿಪ್ ಜೊತೆ ಇದನ್ನು ಒಂದೇ ಲೈನಿನಲ್ಲಿ ಬಿಡಬಾರದು, ಕ್ಯಾಲ್ಸಿಯಂ ಸೇರಿ ಹರಳುಗಟ್ಟುತ್ತದೆ. ಊರಲ್ಲಿ ಮೈಕೈ ನೋವಿಗೆ ಡೈಕ್ಲೋಫೆನಾಕ್ ಚುಚ್ಚಿಸಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಇಂಥ ಸ್ಥಿತಿಯಲ್ಲಿ ಕಿಡ್ನಿಗೆ ನಿಜವಾಗಿ ಹೆದರಬೇಕಾದ್ದು ಅದಕ್ಕೆ.

ಪ್ರಶ್ನೆ: ಡೆಂಗ್ಯೂನಿಂದ ನನ್ನ ತಂಗಿಯ ಲಿವರ್‌ಗೆ ಪೆಟ್ಟಾಗಿದೆ. ಆಂಟಿಬಯೋಟಿಕ್ ಕೊಡುತ್ತಿಲ್ಲವಲ್ಲ?
— ಓದುಗರು, ಹಿರಿಯೂರು

ಉತ್ತರ: ಡೆಂಗ್ಯೂ ವೈರಸ್ಸಿನ ಜ್ವರ, ಅದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ. ಒಂದು ಮಾತ್ರ ನೋಡಿ: ಕಂಕುಳು, ತೊಡೆಸಂದಿಯಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಇದ್ದರೆ ಅದು ಸ್ಕ್ರಬ್ ಟೈಫಸ್, ಅಂದರೆ ಸಣ್ಣ ಹುಳು ಕಚ್ಚಿ ಬರುವ ಬ್ಯಾಕ್ಟೀರಿಯಾ ಜ್ವರ ಇರಬಹುದು. ಆಗ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಬೇಕು, ಅಂದೇ ವೈದ್ಯರಿಗೆ ತೋರಿಸಿ.