ಕೋಳಿ ಶೆಡ್‌ನಲ್ಲಿ ಮಾಸ್ಕ್ ಹಾಕಿದರೂ ಅಮೋನಿಯಾ ವಾಸನೆ ಬರುತ್ತಿದ್ದರೆ

ಫಿಲ್ಟರ್ ಕೆಟ್ಟಿರಲಿಕ್ಕಿಲ್ಲ, ಅದರ ಜಾತಿಯೇ ತಪ್ಪಿದೆ. ತೀರ್ಥಹಳ್ಳಿಯ ನಿಮ್ಮ ಶೆಡ್‌ನಲ್ಲಿ ಹೊಸ ಫಿಲ್ಟರ್ ಹಾಕಿ ಹತ್ತು ನಿಮಿಷಕ್ಕೇ ವಾಸನೆ ಬಂತು, ಫಿಲ್ಟರ್ ಮೇಲಿನ ಪಟ್ಟಿ ಕಂದು ಬಣ್ಣದ್ದು ಅಂತ ಬರೆದಿದ್ದೀರಿ ಅಲ್ವಾ? ಕಂದು, ಅಂದರೆ 'ಎ' ಅಕ್ಷರದ್ದು, ಪೇಂಟ್, ಥಿನ್ನರ್ ಆವಿಗೆ. ಅವು ಫಿಲ್ಟರ್ ಒಳಗಿನ ಇದ್ದಿಲಿನ ಸಣ್ಣ ತೂತುಗಳಲ್ಲಿ ಅಂಟಿಕೊಳ್ಳುತ್ತವೆ. ಅಮೋನಿಯಾ ಹಾಗೆ ನಿಲ್ಲುವುದಿಲ್ಲ. ಅದನ್ನು ಹಿಡಿಯಲು ಇದ್ದಿಲಿಗೆ ಸತುವಿನ ಕ್ಲೋರೈಡ್‌ನಂಥ ಲವಣ ಉಣಿಸಿರಬೇಕು. ಆ ಲವಣ ಅಮೋನಿಯಾ ಜೊತೆ ರಾಸಾಯನಿಕವಾಗಿ ಕೂಡಿಕೊಳ್ಳುತ್ತದೆ.

ಮೊದಲು ಹಸಿರು ಪಟ್ಟಿಯ, 'ಕೆ' ಅಕ್ಷರದ ಫಿಲ್ಟರ್ ತನ್ನಿ. ಬೂದು ಬಣ್ಣದ್ದು ಕೊಟ್ಟರೆ ಬೇಡ ಅನ್ನಿ, ಅದು ಕ್ಲೋರಿನ್ ಥರದವಕ್ಕೆ. ಡೇಟ್ ನೋಡಿ, ಸೀಲ್ ಒಡೆಯದ್ದನ್ನೇ ತೆಗೆದುಕೊಳ್ಳಿ.

ಹಾಕಿದ ಮೇಲೆ ಎರಡೂ ಫಿಲ್ಟರ್‌ಗಳನ್ನು ಅಂಗೈಯಿಂದ ಮುಚ್ಚಿ ಉಸಿರೆಳೆಯಿರಿ. ಮಾಸ್ಕ್ ಮುಖಕ್ಕೆ ಒತ್ತಿಕೊಳ್ಳಬೇಕು. ಗಡ್ಡ ಇದ್ದರೆ ಗಾಳಿ ಪಕ್ಕದಿಂದ ನುಗ್ಗುತ್ತದೆ. ನಿಮ್ಮಲ್ಲಿ ಅದೂ ಒಂದು ಕಾರಣ ಇರಬಹುದು.

ಕೆಲಸ ಮುಗಿದ ಮೇಲೆ ಶೆಡ್ ಗೋಡೆಗೆ ಸುಮ್ನೆ ನೇತುಹಾಕಬೇಡಿ. ಇದ್ದಿಲು ಅಲ್ಲೂ ಅನಿಲ ಹೀರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ತೇವ ಬೇರೆ. ನಮ್ಮ ಕಡೆ ಒಣಗಿದ ಅಡಿಕೆಗೇ ಬೂಷ್ಟು ಹಿಡಿಯುತ್ತದೆ! ಗಾಳಿಯಾಡದ ಡಬ್ಬದಲ್ಲಿಡಿ, ತೆರೆದ ದಿನಾಂಕ ಅದರ ಮೇಲೇ ಬರೆಯಿರಿ. ಎಷ್ಟು ದಿನ ಬಾಳುತ್ತದೆ ಅನ್ನುವುದು ಶೆಡ್‌ನಲ್ಲಿ ಅಮೋನಿಯಾ ಎಷ್ಟಿದೆ ಅನ್ನುವುದರ ಮೇಲಿದೆ. ಸ್ವಲ್ಪ ವಾಸನೆ ಬಂದರೂ ಹೊರಗೆ ಬಂದು ಬದಲಿಸಿ.

ಕಣ್ಣು ಉರಿದರೆ ಕಣ್ಣನ್ನು ಪೂರ್ತಿ ಮುಚ್ಚುವ ಕನ್ನಡಕವೂ ಬೇಕು. ಈ ಮಾಸ್ಕ್ ನಂಬಿ ಗೊಬ್ಬರದ ಗುಂಡಿಗೆ ಮಾತ್ರ ಇಳಿಯಬೇಡಿ. ಅಲ್ಲಿ ಆಮ್ಲಜನಕವೇ ಕಮ್ಮಿ ಇರಬಹುದು, ಫಿಲ್ಟರ್ ಅದನ್ನು ಹುಟ್ಟಿಸಿ ಕೊಡುವುದಿಲ್ಲ.