ಸಂಪಾದಕರ ಉತ್ತರ: ಕುತ್ತಿಗೆಗೆ ಇಳಿದ ಮಾಸ್ಕು

‘ಬ್ಯಾಡಗಿಯಲ್ಲಿ ನನ್ನದೊಂದು ಸಣ್ಣ ಖಾರದ ಪುಡಿ ಗಿರಣಿ ಇದೆ. ಹದಿನಾಲ್ಕು ಜನ ಕೆಲಸಕ್ಕಿದ್ದಾರೆ, ಹೆಚ್ಚಿನವರು ತೊಟ್ಟು ಬಿಡಿಸುವ ಹೆಣ್ಣುಮಕ್ಕಳು. ಕಳೆದ ಸಂಚಿಕೆಯಲ್ಲಿ ನೀವು ಕೆಲಸಗಾರರ ಸುರಕ್ಷತೆಯ ವಿಷಯದಲ್ಲಿ ಮಾಲೀಕರನ್ನು ಒಂದೇ ಸಮನೆ ಬೈದಿದ್ದೀರಿ. ದೂಳು ತಡೆಯಲೆಂದು ನಾನು ಎಲ್ಲರಿಗೂ ಮಾಸ್ಕ್ ಕೊಟ್ಟಿದ್ದೇನೆ. ಅರ್ಧ ಗಂಟೆಯೊಳಗೆ ಅದು ಕುತ್ತಿಗೆಗೆ ಇಳಿದಿರುತ್ತದೆ. ಅವರ ನಿರ್ಲಕ್ಷ್ಯಕ್ಕೆ ನಾನು ಹೊಣೆಯೇ? ಅಷ್ಟಕ್ಕೂ ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ.’

– ಹೆಸರು ಬೇಡ, ಬ್ಯಾಡಗಿ

ಮಾನ್ಯರೇ,

ಹೆಸರು ಬೇಡ ಎಂದಿದ್ದೀರಿ, ಹಾಕಿಲ್ಲ. ಉಳಿದ ಮಾಲೀಕರು ಫೋನಿನಲ್ಲಿ ಬೈದು ಸುಮ್ಮನಾದರು. ನೀವು ಕುಳಿತು ಎರಡು ಪುಟ ಬರೆದಿರಿ, ಅದೂ ಒಂದು ಕಾಗುಣಿತದ ತಪ್ಪೂ ಇಲ್ಲದೆ. ಅದಕ್ಕೇ ಈ ಉದ್ದನೆಯ ಉತ್ತರ. ಸಣ್ಣ ಗಿರಣಿ ನಡೆಸುವವರ ಗೋಳು ಸಣ್ಣದಲ್ಲ ಎಂಬುದೂ ಗೊತ್ತು. ಪರವಾನಗಿ, ರಿಜಿಸ್ಟರು, ಕರೆಂಟು ಬಿಲ್ಲು, ತಪಾಸಣೆಗೆ ಬಂದವರ ಚಹಾ, ಚಹಾದ ಮೇಲಿನ ಖರ್ಚು. ಒಪ್ಪಿದೆ. ಇನ್ನು ಮಾಸ್ಕಿನ ಮಾತಿಗೆ ಬರೋಣ.

ನಾನು ಪತ್ರಿಕೆಯ ಕೆಲಸ ಕಲಿತದ್ದು ಗದುಗಿನ ಒಂದು ಅಚ್ಚುಕೂಟದಲ್ಲಿ, ಮೊಳೆ ಜೋಡಿಸುವ ಕಾಲದಲ್ಲಿ. ಮೊಳೆ ಎಂದರೆ ಅಚ್ಚಿನ ಲೋಹದ ಅಕ್ಷರ, ಬಹುಪಾಲು ಸೀಸ. ಅಲ್ಲಿ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಕೈ ತೊಳೆದುಕೊಂಡು ಊಟ ಮಾಡಿ’ ಎಂದು ಬರೆಸಿದ್ದರು. ನಮ್ಮ ಹಿರಿಯ ಕಂಪೋಸಿಟರು ಕೈ ತೊಳೆಯುತ್ತಿರಲಿಲ್ಲ. ಧೋತರದ ಅಂಚಿಗೆ ಒರೆಸಿಕೊಂಡು ರೊಟ್ಟಿ ಮುರಿಯುತ್ತಿದ್ದರು. ಜೋಳದ ರೊಟ್ಟಿಯ ಬಿಳುಪಿನ ಮೇಲೆ ಹೆಬ್ಬೆರಳಿನ ಗುರುತು ಕಪ್ಪಗೆ ಮೂಡುತ್ತಿತ್ತು. ಅವರ ಒಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆಯೊಂದಿತ್ತು. ತಂಬಾಕಿನದು ಎಂದುಕೊಂಡಿದ್ದೆವು. ಆ ಗೆರೆಯನ್ನು ಹೆನ್ರಿ ಬರ್ಟನ್ ಎಂಬ ಲಂಡನ್ನಿನ ವೈದ್ಯ 1840ರಲ್ಲೇ ಸೀಸದ ವಿಷದ ಗುರುತೆಂದು ಬರೆದಿಟ್ಟಿದ್ದ ಎಂದು ನನಗೆ ತಿಳಿದದ್ದು ಅವರು ಹೊಟ್ಟೆಶೂಲೆಯಿಂದ ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ.

‘ಹೇಳಿದರೆ ಕೇಳುವುದಿಲ್ಲ’ ಎಂದು ನಮ್ಮ ಮಾಲೀಕರೂ ನಿಮ್ಮಂತೆಯೇ ಅನ್ನುತ್ತಿದ್ದರು. ಆದರೆ ಗದುಗಿನಲ್ಲಿ ನೀರಿನ ಪಾಡೇನೆಂದು ನಿಮಗೆ ಹೇಳಬೇಕೇ? ಆಗ ನಳ ಬರುತ್ತಿದ್ದದ್ದು ವಾರಕ್ಕೊಮ್ಮೆ, ಬಂದರೆ. ಅಚ್ಚುಕೂಟದಲ್ಲಿದ್ದದ್ದು ಒಂದೇ ಕೊಡ, ಅದು ಕುಡಿಯುವುದಕ್ಕೆ. ಕೈ ತೊಳೆಯಿರಿ ಎಂದು ಬರೆಸಿದವರು ತೊಳೆಯುವುದಕ್ಕೆ ನೀರು ತರಿಸಿರಲಿಲ್ಲ. ಆ ಹಿರಿಯರದು ನಿರ್ಲಕ್ಷ್ಯವೆಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ.

ಈಗ ನಿಮ್ಮ ಗಿರಣಿ. ತಗಡಿನ ಮಾಡು, ಏಪ್ರಿಲ್ ತಿಂಗಳು, ಕೂಲಿ ಕಿಲೋ ಲೆಕ್ಕದಲ್ಲಿ. (ಇದು ನನ್ನ ಊಹೆಯಲ್ಲ, ನೀವೇ ಎರಡನೆಯ ಪುಟದಲ್ಲಿ ಬರೆದಿದ್ದೀರಿ.) ಬೆವರಿಗೆ ನೆನೆದ ಬಟ್ಟೆ ಮೂಗಿಗೆ ಅಂಟಿದರೆ ಉಸಿರು ಕಟ್ಟುತ್ತದೆ, ಕೈ ನಿಧಾನವಾಗುತ್ತದೆ, ಸಂಜೆಯ ತೂಕ ಇಳಿಯುತ್ತದೆ. ಆಕೆ ಮಾಸ್ಕು ಇಳಿಸುವುದು ಲೆಕ್ಕ ಬಾರದೆ ಅಲ್ಲ, ಲೆಕ್ಕ ಬಂದೇ. ಖಾರ ಕಡಿಮೆ ಎಂಬ ವಾದವನ್ನಂತೂ ಕೈಬಿಡಿ. ಬ್ಯಾಡಗಿ ಕಾಯಿಯ ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ದೂಳು ದೂಳೇ. ಮೇಲಾಗಿ ಪುಡಿಗೆ ಖಾರ ಹತ್ತಲೆಂದು ಗುಂಟೂರು ಕಾಯಿ ಬೆರೆಸುವುದು ಪೇಟೆಗೆಲ್ಲ ಗೊತ್ತಿರುವ ಗುಟ್ಟು.

ಈ ವಿಷಯ ಬಲ್ಲವರು ಮಾಸ್ಕನ್ನು ಯಾವಾಗಲೂ ಸರದಿಯ ಕೊನೆಯಲ್ಲಿ ನಿಲ್ಲಿಸುತ್ತಾರೆ. ಮೊದಲು ದೂಳು ಏಳದ ಹಾಗೆ ನೋಡಬೇಕು. ಎದ್ದರೆ ಎದ್ದಲ್ಲೇ ಫ್ಯಾನು ಮತ್ತು ಕೊಳವೆಯಿಂದ ಹೊರಗೆ ಎಳೆಯಬೇಕು. ಬೀಸುವ ಯಂತ್ರಕ್ಕೂ ತೊಟ್ಟು ಬಿಡಿಸುವ ಜಾಗಕ್ಕೂ ನಡುವೆ ಗೋಡೆ ಬೇಕು. ಇಷ್ಟೆಲ್ಲ ಆದ ಮೇಲೂ ಉಳಿದದ್ದಕ್ಕೆ ಮಾಸ್ಕು. ನಾವು ಕೊನೆಯದನ್ನು ಮೊದಲು ಮಾಡುತ್ತೇವೆ, ಏಕೆಂದರೆ ಅದೇ ಅಗ್ಗ. ಅದು ಜಾರಿದಾಗ ತಪ್ಪನ್ನು ತೊಟ್ಟವಳ ಮೇಲೆ ಹೊರಿಸುವುದೂ ಸುಲಭ.

ಕಾನೂನು ಕೂಡ ಇದನ್ನು ಬಲ್ಲದು. 1923ರ ಕೆಲಸಗಾರರ ಪರಿಹಾರ ಕಾಯ್ದೆ ಬಂದದ್ದು ಬ್ರಿಟಿಷರ ಕಾಲದಲ್ಲಿ. ಕೆಲಸಗಾರ ಬೇಕೆಂದೇ ರಕ್ಷಣೆಯ ಸಾಧನ ತೆಗೆದಿದ್ದರೂ, ಅಪಘಾತದಲ್ಲಿ ಸತ್ತರೆ ಮಾಲೀಕ ಆ ನೆಪ ಹೇಳಿ ಪರಿಹಾರ ತಪ್ಪಿಸಿಕೊಳ್ಳುವಂತಿಲ್ಲ ಎಂಬ ಮಾತು ಆ ಕಾಲದಲ್ಲೇ ಅದಕ್ಕೆ ಸೇರಿತ್ತು. ಸ್ವತಂತ್ರ ಭಾರತ ಎತ್ತ ಸಾಗಿದೆ ನೋಡಿ. ವಿದ್ಯುತ್ ಯಂತ್ರವಿರುವ ಕಡೆ ಹತ್ತು ಜನ ದುಡಿದರೆ ಅದು ಕಾರ್ಖಾನೆ ಎಂದು 1948ರ ಕಾಯ್ದೆ ಹೇಳಿತ್ತು. 2020ರ ಕಾರ್ಮಿಕ ಸುರಕ್ಷತಾ ಸಂಹಿತೆ ಆ ಹತ್ತನ್ನು ಇಪ್ಪತ್ತು ಮಾಡಿತು. ನಿಮ್ಮ ಹದಿನಾಲ್ಕು ಜನ ಕೂತಲ್ಲಿಯೇ ಕೂತು ಕಾರ್ಖಾನೆಯಿಂದ ಹೊರಗೆ ಬಿದ್ದರು. 2023ರಲ್ಲಿ ನಮ್ಮ ರಾಜ್ಯವೇ ದಿನದ ದುಡಿಮೆಯನ್ನು ಹನ್ನೆರಡು ಗಂಟೆಯವರೆಗೆ ಎಳೆಯಲು ತಿದ್ದುಪಡಿ ತಂದಿತು. ದೂಳಿಗೆ ಈ ಅಂಕಿಗಳೆಲ್ಲ ತಿಳಿಯುವುದಿಲ್ಲ.

ನಮ್ಮ ವೃತ್ತಿಯ ಪಾಪವನ್ನೂ ಹೇಳಿಬಿಡುತ್ತೇನೆ. ‘ಕಾಲು ಜಾರಿ ಬಿದ್ದು ಕಾರ್ಮಿಕ ಸಾವು’, ‘ಯಂತ್ರಕ್ಕೆ ಕೈ ಸಿಲುಕಿ ಗಾಯ’. ಇಂಥ ತಲೆಬರಹಗಳನ್ನು ನಾನೇ ನೂರಾರು ಬರೆದಿದ್ದೇನೆ. ವ್ಯಾಕರಣ ನೋಡಿ: ಜಾರಿದ್ದು ಕಾಲು, ಸಿಲುಕಿದ್ದು ಕೈ. ಕಟಾಂಜನವಿಲ್ಲದ ಅಟ್ಟ, ಮುಚ್ಚಳ ಬಿಚ್ಚಿಟ್ಟ ಬೆಲ್ಟು ವಾಕ್ಯದೊಳಗೆ ಬರುವುದೇ ಇಲ್ಲ.

ನಿಮ್ಮ ಪತ್ರ ಬಂದ ದಿನ, ಈ ಪತ್ರಿಕೆ ಅಚ್ಚಾಗುವ ಮುದ್ರಣಾಲಯಕ್ಕೆ ಹೋಗಿದ್ದೆ. ಕಾಗದ ಕತ್ತರಿಸುವ ಯಂತ್ರಕ್ಕೆ ಎರಡು ಗುಂಡಿಗಳಿರುತ್ತವೆ. ಎರಡನ್ನೂ ಎರಡು ಕೈಯಿಂದ ಒತ್ತಿದರೆ ಮಾತ್ರ ಬ್ಲೇಡು ಇಳಿಯುತ್ತದೆ. ಅಷ್ಟು ಹೊತ್ತು ಕೈಗಳು ಬ್ಲೇಡಿನ ಕೆಳಗಿರುವುದಿಲ್ಲ. ಅಲ್ಲಿ ಎಡಗಡೆಯ ಗುಂಡಿಯನ್ನು ಒತ್ತಿ ಹಿಡಿದು ಟೇಪು ಸುತ್ತಿದ್ದರು. ಯಾಕೆ ಎಂದು ಕೇಳಿದೆ. ಹುಡುಗ ನಕ್ಕು ಹೇಳಿದ: ‘ನಿಮ್ಮ ಪುಟಗಳು ಪ್ರತಿ ತಿಂಗಳೂ ಎರಡು ದಿನ ತಡವಾಗಿ ಬರುತ್ತವೆ ಸರ್. ಒಂದು ಕೈ ಬಿಡುವಾದರೆ ಬೇಗ ಮುಗಿಯುತ್ತದೆ.’

ಟೇಪು ಬಿಚ್ಚಿಸಿ ಬಂದಿದ್ದೇನೆ. ಈ ಸಲ ಪುಟಗಳು ಮೂರು ದಿನ ಮೊದಲೇ ಹೋಗಿವೆ. ಹಾಗಾಗಿ ತಡವಾಗಿ ಬಂದ ನಾಲ್ಕು ಕವನಗಳಿಗೆ ಜಾಗವಾಗಲಿಲ್ಲ, ಕವಿಗಳು ಕ್ಷಮಿಸಬೇಕು. ಮುಂದಿನ ಸೋಮವಾರ ಬ್ಯಾಡಗಿ ಪೇಟೆಗೆ ಬರುವವನಿದ್ದೇನೆ. ನಿಮ್ಮ ಗಿರಣಿಗೂ ಬರುತ್ತೇನೆ, ಕರೆದರೆ. ಫ್ಯಾನು ಕೂರಿಸುವವರೊಬ್ಬರನ್ನು ಹುಬ್ಬಳ್ಳಿಯಿಂದ ಜೊತೆಗೆ ಕರೆತರಲೇ?

– ಸಂ.