ಕ್ರೆಡಿಟ್ಸ್‌ನಲ್ಲಿ ಹೆಸರು ಹಾಕುವುದಿಲ್ಲ ಅಂತ ಕೆಲಸ ಬಿಟ್ಟು ಸ್ವಂತ ಗೇಮ್ ಲೇಬಲ್ ಶುರು ಮಾಡಬಹುದಾ?

ಪ್ರಶ್ನೆಯ ಕೊನೆಗೆ ನೀವು "ಆಕ್ಟಿವಿಷನ್‌ನವರು ಮಾಡಲಿಲ್ಲವಾ?" ಅಂತ ಸೇರಿಸಿದ್ದೀರಿ. ಹೆಸರು ಸಿಗದೆ ಕೆಲಸ ಬಿಟ್ಟವರು ಕಟ್ಟಿದ ಅಮೆರಿಕದ ಗೇಮ್ ಕಂಪನಿ ಅದು. ನಿಮ್ಮ ಮಾತು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ನಾನೂ ಅದೇ ಕಥೆ ಓದಿ ಕೆಲಸ ಬಿಟ್ಟವನು. ಬೆಂಗಳೂರಿನಲ್ಲಿ, ಹೊರದೇಶದ ಕಂಪನಿಗಳಿಗೆ ಗೇಮ್ ಮಾಡಿಕೊಡುವ ಒಂದು ಸ್ಟುಡಿಯೋದಲ್ಲಿದ್ದೆ. ಆಟ ಮುಗಿದು ಹೆಸರುಗಳು ಸಾಲಾಗಿ ಬರುವಾಗ ಅದರಲ್ಲಿ ನಮ್ಮ ಹೆಸರು ಇರುತ್ತಿರಲಿಲ್ಲ. ಆ ಸಂಕಟ ನನಗೆ ಗೊತ್ತು.

ಆದರೆ ಆ ಕಥೆಯಲ್ಲಿ ನಾವಿಬ್ಬರೂ ಹಿಡಿದುಕೊಂಡಿರುವುದು ಅರ್ಧ ಮಾತ್ರ.

1979ರಲ್ಲಿ ಕ್ಯಾಲಿಫೋರ್ನಿಯಾದ ಅಟಾರಿ ಕಂಪನಿಯಲ್ಲಿ ಡೇವಿಡ್ ಕ್ರೇನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್, ಲ್ಯಾರಿ ಕಪ್ಲಾನ್ ಅಂತ ನಾಲ್ವರಿದ್ದರು. ಟಿವಿಗೆ ಸಿಕ್ಕಿಸಿ ಆಡುವ ಯಂತ್ರಕ್ಕೆ ಆಟ ಬರೆಯುವುದು ಅವರ ಕೆಲಸ. ಆಗ ಒಂದು ಆಟಕ್ಕೆ ಒಬ್ಬನೇ ಆಸಾಮಿ. ಯೋಚನೆ, ಚಿತ್ರ, ಸದ್ದು, ಕೋಡ್ ಎಲ್ಲಾ ಅವನದೇ. ಆದರೂ ಪೆಟ್ಟಿಗೆಯ ಮೇಲೆ ಅವನ ಹೆಸರು ಬರುತ್ತಿರಲಿಲ್ಲ. ಅಲ್ಲೇ ಇದ್ದ ವಾರನ್ ರಾಬಿನೆಟ್ ತಾನು ಬರೆದ 'ಅಡ್ವೆಂಚರ್' ಆಟದೊಳಗೆ ಒಂದು ಗುಟ್ಟಿನ ಕೋಣೆ ಮಾಡಿ, ಅದರಲ್ಲಿ ತನ್ನ ಹೆಸರು ಬಚ್ಚಿಟ್ಟಿದ್ದ. ಅಷ್ಟರ ಮಟ್ಟಿಗೆ ಇತ್ತು ಪರಿಸ್ಥಿತಿ.

ಯಾವ ಆಟ ಎಷ್ಟು ಮಾರಾಟವಾಯಿತು ಅನ್ನುವ ಪಟ್ಟಿಯೊಂದು ಒಮ್ಮೆ ಇವರ ಕೈಗೆ ಬಂತು. ಮಾರಾಟದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಈ ನಾಲ್ವರ ಆಟಗಳದ್ದೇ ಎಂದು ಲೆಕ್ಕ ಹಾಕಿಕೊಂಡು ಅವರು ಮುಖ್ಯಸ್ಥ ರೇ ಕಸ್ಸಾರ್ ಹತ್ತಿರ ಹೋದರು. ಕಾರ್ಟ್ರಿಡ್ಜ್ (ಯಂತ್ರಕ್ಕೆ ಸಿಕ್ಕಿಸುವ, ಆಟ ತುಂಬಿದ ಡಬ್ಬಿ) ಜೋಡಿಸುವ ಕೆಲಸಗಾರರಿಗಿಂತ ನೀವೇನೂ ಹೆಚ್ಚಲ್ಲ ಎಂಬ ಅರ್ಥದ ಉತ್ತರ ಸಿಕ್ಕಿತು ಅಂತ ಕ್ರೇನ್ ಆಮೇಲೆ ಹಲವು ಸಲ ಹೇಳಿಕೊಂಡಿದ್ದಾರೆ. ಅವರು ಹೊರಬಂದರು.

ನಮ್ಮ ಮನಸ್ಸು ಇಲ್ಲಿಗೇ ನಿಂತುಬಿಡುತ್ತದೆ. ಮುಂದೇನಾಯಿತು ನೋಡಿ. ಅವರು ಮೊದಲು ಹೋಗಿದ್ದು ವಕೀಲರ ಹತ್ತಿರ. ಅಲ್ಲಿಂದ ಜಿಮ್ ಲೆವಿ ಪರಿಚಯವಾಯಿತು. ಲೆವಿ ಹಾಡಿನ ಕ್ಯಾಸೆಟ್ ವ್ಯಾಪಾರದಿಂದ ಬಂದವರು. ಮಾಲು ಅಂಗಡಿಗೆ ಹೇಗೆ ಹೋಗುತ್ತದೆ, ದುಡ್ಡು ಹೇಗೆ ವಾಪಸ್ ಬರುತ್ತದೆ ಅಂತ ಗೊತ್ತಿದ್ದವರು. ಸಟರ್ ಹಿಲ್ ಅನ್ನುವ ಹೂಡಿಕೆ ಸಂಸ್ಥೆಯಿಂದ ಸುಮಾರು 7 ಲಕ್ಷ ಡಾಲರ್ ಬಂಡವಾಳ ತಂದರು. ಬೇರೆಯವರ ಯಂತ್ರಕ್ಕೆ ಆಟ ಮಾತ್ರ ಮಾಡಿ ಮಾರುವ ಮೊದಲ ಸ್ವತಂತ್ರ ಲೇಬಲ್ ಆಕ್ಟಿವಿಷನ್ ಹುಟ್ಟಿದ್ದು ಹಾಗೆ. 1980ರಲ್ಲಿ ಅಟಾರಿ ಕೇಸು ಹಾಕಿತು. 1982ರಲ್ಲಿ, ಆಕ್ಟಿವಿಷನ್ ಅಟಾರಿಗೆ ರಾಯಲ್ಟಿ (ಮಾರಾಟದಲ್ಲಿ ಪಾಲು) ಕೊಡುವ ಒಪ್ಪಂದಕ್ಕೆ ರಾಜಿಯಾಯಿತು. ಹೆಸರು, ಫೋಟೋ ಕೈಪಿಡಿಯಲ್ಲಿ ಅಚ್ಚಾಗಿದ್ದು ನಿಜ. ಹಾಡುಗಾರರನ್ನು ಮುಂದಿಟ್ಟು ಮಾರುವ ಹಾಗೆ ಲೆವಿ ಇವರನ್ನೂ ಮುಂದಿಟ್ಟರು. ಆದರೆ ಆ ಹೆಸರು ಅಚ್ಚಾಗಿದ್ದು ಅವರದೇ ಪೆಟ್ಟಿಗೆಯ ಮೇಲೆ.

ಇದೊಂದು ವಿಷಯ ನನಗೆ ಹೊಳೆಯಲೇ ಇಲ್ಲ.

ನಾವು ಮೂವರು ಗೆಳೆಯರು ಹೊರಬಂದು ಒಂದು ಮೊಬೈಲ್ ಗೇಮ್ ಮಾಡಿದೆವು. ಮೂವರೂ ಮಾಡುವವರೇ, ಮಾರುವವರು ಯಾರೂ ಇಲ್ಲ. ಆಟ ಬಿಡುಗಡೆ ಮಾಡಿ ಮಾರಿಕೊಡುವ ಒಬ್ಬ ಪಬ್ಲಿಷರ್ ಸಿಕ್ಕಿದರು. ಆಟದ ಮೊದಲ ಸ್ಕ್ರೀನಿನಲ್ಲೇ ನಮ್ಮ ಮೂವರ ಹೆಸರು ಬರಬೇಕು ಅಂತ ಹಟ ಹಿಡಿದೆ. ಅಕ್ಷರದ ಸೈಜು, ಯಾರ ಹೆಸರು ಮೊದಲು, ಎಷ್ಟು ಸೆಕೆಂಡ್ ಕಾಣಬೇಕು, ಇದಕ್ಕೇ ವಾರಗಟ್ಟಲೆ ಜಗ್ಗಾಡಿದೆ. ಅವರು ಎಲ್ಲದಕ್ಕೂ ಒಪ್ಪಿದರು. ಪ್ಲೇ ಸ್ಟೋರ್‌ಗೆ ಹಾಕುವಾಗ "ನಮ್ಮ ಅಕೌಂಟ್‌ನಿಂದಲೇ ಹಾಕೋಣ, ಸುಲಭ" ಅಂದರು. ಸರಿ ಅಂದೆ.

ಆ 'ಸರಿ'ಗೆ ಏನರ್ಥ ಅಂತ ಬಿಡಿಸಿ ಹೇಳುತ್ತೇನೆ. ಸ್ಟೋರ್‌ನಲ್ಲಿ ಆಟದ ಪುಟ ಇರುವುದು ಅಕೌಂಟ್ ಹೊಂದಿದವರ ಕೈಯಲ್ಲಿ. ಡೌನ್‌ಲೋಡ್ ಎಣಿಕೆ, ರೇಟಿಂಗ್, ಜನ ಬರೆದ ರಿವ್ಯೂ ಎಲ್ಲಾ ಆ ಪುಟಕ್ಕೆ ಅಂಟಿಕೊಂಡಿರುತ್ತದೆ. ಅಪ್‌ಡೇಟ್ ಕಳಿಸಬೇಕಾದರೂ ಅವರೇ ಕಳಿಸಬೇಕು. ಪ್ರತಿ ಆಟಕ್ಕೂ ಸ್ಟೋರ್ ಅದನ್ನು ಗುರುತಿಸುವ ಒಂದು ಪ್ಯಾಕೇಜ್ ಹೆಸರಿರುತ್ತದೆ, ಒಮ್ಮೆ ಬಳಸಿದ್ದನ್ನು ಇನ್ನೊಂದು ಆಟಕ್ಕೆ ಬಳಸಲು ಬರುವುದಿಲ್ಲ. ಆಟವನ್ನು ಒಂದು ಅಕೌಂಟ್‌ನಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು, ಆದರೆ ಅದನ್ನು ಶುರು ಮಾಡಬೇಕಾದವರು ಈಗ ಅಕೌಂಟ್ ಇಟ್ಟುಕೊಂಡಿರುವವರು. ಒಪ್ಪಂದದ ಅವಧಿ ಮುಗಿದಾಗ ಕೇಳಿದೆವು. ಉತ್ತರ ಬರಲಿಲ್ಲ. ಒಪ್ಪಂದ ತೆಗೆದು ನೋಡಿದರೆ ವರ್ಗಾವಣೆ ಬಗ್ಗೆ ಒಂದು ಸಾಲೂ ಇಲ್ಲ. ಗೇಣಿ ಜಮೀನಿನಲ್ಲಿ ತೆಂಗಿನ ಸಸಿ ನೆಟ್ಟ ಹಾಗಾಯಿತು. ಅದೇ ಆಟವನ್ನು ಹೊಸ ಪ್ಯಾಕೇಜ್ ಹೆಸರಿನಲ್ಲಿ ಮತ್ತೆ ಹಾಕಿದೆವು. ರೇಟಿಂಗ್ ಸೊನ್ನೆಯಿಂದ ಶುರು. ಹಳೆಯ ಆಟಗಾರರಿಗೆ ಹೊಸದು ಬಂದಿದೆ ಅಂತಲೂ ಗೊತ್ತಾಗಲಿಲ್ಲ. ಹಳೇ ಪುಟದಲ್ಲಿ ಇವತ್ತಿಗೂ ನಮ್ಮ ಹೆಸರುಗಳು ದೊಡ್ಡದಾಗಿಯೇ ಬರುತ್ತವೆ.

ಹಾಗಾಗಿ ಹೆಸರು ಹಾಕದಿರುವುದನ್ನೇ ಕಾರಣ ಮಾಡಿಕೊಂಡು ಕೆಲಸ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಆಡುವವರ ಜೊತೆ ನೇರ ಸಂಬಂಧ ಯಾರಿಗಿರುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ವಿಷಯ. ಆಕ್ಟಿವಿಷನ್‌ನವರಿಗೆ ಇದು ಎಷ್ಟು ಚೆನ್ನಾಗಿ ಗೊತ್ತಿತ್ತು ನೋಡಿ. 1982ರಲ್ಲಿ ಕ್ರೇನ್ ಮಾಡಿದ 'ಪಿಟ್‌ಫಾಲ್!' ಆಟದಲ್ಲಿ 20,000 ಅಂಕ ಬಂದರೆ ಟಿವಿ ಪರದೆಯ ಫೋಟೋ ತೆಗೆದು ಕಂಪನಿಗೆ ಅಂಚೆಯಲ್ಲಿ ಕಳಿಸಬೇಕು. ಅಂಗಿಗೆ ಹೊಲಿದುಕೊಳ್ಳುವ ಒಂದು ಬಟ್ಟೆಯ ಬಿಲ್ಲೆ ವಾಪಸ್ ಬರುತ್ತಿತ್ತು. ಮಕ್ಕಳ ಪತ್ರಗಳು ಬರುತ್ತಿದ್ದುದು ಅಟಾರಿಗಲ್ಲ, ಇವರಿಗೆ! ಆ ಆಟವೂ ಸಾಮಾನ್ಯದ್ದಲ್ಲ. ಯಂತ್ರದಲ್ಲಿ ಇದ್ದ ಮೆಮೊರಿ 128 ಬೈಟ್, ಕಾರ್ಟ್ರಿಡ್ಜ್ 4 ಕಿಲೋಬೈಟ್. ಅಷ್ಟರಲ್ಲಿ 255 ಪರದೆಗಳ ಕಾಡು. ಪ್ರತಿ ಪರದೆಯನ್ನೂ ಬರೆದಿಡುವ ಬದಲು, ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆಯನ್ನು ಹುಟ್ಟಿಸುವ ಸೂತ್ರ ಬರೆದು ಅದರಿಂದಲೇ ಮರ, ಗುಂಡಿ, ಮೊಸಳೆ ಎಲ್ಲಿರಬೇಕು ಅಂತ ತೀರ್ಮಾನಿಸಿದರು. ನನಗೆ ಈಗಲೂ ಅದನ್ನು ಓದಿದರೆ ಮೈ ಜುಮ್ ಅನ್ನುತ್ತದೆ.

ಸ್ವಂತ ಲೇಬಲ್ ಇದ್ದರೆ ಎಲ್ಲಾ ಸರಿಹೋಗುತ್ತದೆ ಅಂತಲೂ ಹೇಳುತ್ತಿಲ್ಲ. ಇವರ ಗೆಲುವು ನೋಡಿ ಸಿಕ್ಕಸಿಕ್ಕವರೆಲ್ಲ ಕಾರ್ಟ್ರಿಡ್ಜ್ ಮಾಡಲು ಇಳಿದರು. ಓಟ್ಸ್ ಮಾರುವ ಕ್ವೇಕರ್ ಕಂಪನಿ ಕೂಡ! ಅಂಗಡಿಗಳಲ್ಲಿ ಮಾಲು ರಾಶಿಬಿದ್ದು 1983ರಲ್ಲಿ ಅಮೆರಿಕದ ಮಾರುಕಟ್ಟೆಯೇ ಕುಸಿಯಿತು. ಕಪ್ಲಾನ್ 1982ರಲ್ಲೇ ಆಕ್ಟಿವಿಷನ್ ಬಿಟ್ಟಿದ್ದರು. ಮಿಲ್ಲರ್, ವೈಟ್‌ಹೆಡ್ 1984ರಲ್ಲಿ ಹೋಗಿ ಅಕೊಲೇಡ್ ಅನ್ನುವ ಇನ್ನೊಂದು ಗೇಮ್ ಕಂಪನಿ ಕಟ್ಟಿದರು. ಕ್ರೇನ್ 1986ರಲ್ಲಿ ಹೊರಬಂದರು.

ಈಗ ನೀವು ಮಾಡಬೇಕಾದ್ದು. ಮಾರುವುದು ಗೊತ್ತಿರುವ ಒಬ್ಬರು ಸಿಗುವ ತನಕ ರಾಜೀನಾಮೆ ಬೇಡ. ಸ್ಟೋರ್‌ಗೆ ಆಟ ಹಾಕುವ ಡೆವಲಪರ್ ಅಕೌಂಟ್ ನಿಮ್ಮ ಹೆಸರಿನಲ್ಲೇ ಮಾಡಿಸಿ, ಪಬ್ಲಿಷರ್ ಎಷ್ಟೇ ಒಳ್ಳೆಯವರಾಗಿರಲಿ. ಈಗಿನ ಕಂಪನಿಯ ಜೊತೆ ಸಹಿ ಹಾಕಿದ ಕಾಗದವನ್ನು ವಕೀಲರಿಗೆ ತೋರಿಸಿ, ಬಿಡುವಿನಲ್ಲಿ ಬರೆದ ಕೋಡ್ ಕೂಡ ಅವರದೇ ಅಂತ ಅದರಲ್ಲಿ ಇರಬಹುದು. ಮತ್ತೆ, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಆಟದ ಒಂದು ಸಾಲನ್ನೂ ಬರೆಯಬೇಡಿ.